ಸಂಜೆ ಆರೂವರೆಗೆ ತಣ್ಣನೆಯ ಬ್ರೆಡ್ಡು: ಜರ್ಮನಿಯಲ್ಲಿರುವವರು ಹೇಗೆ ಹೊಂದಿಕೊಂಡಿರಿ?

ತುಂಗಾತೀರ, ಎರ್ಲಾಂಗನ್

ನಾನು ತೀರ್ಥಹಳ್ಳಿಯ ಕಡೆಯವನು. ಎರ್ಲಾಂಗನ್ನಿಗೆ ಬಂದು ನಾಲ್ಕು ವರ್ಷವಾಯಿತು. ಬಂದ ಎರಡನೆಯ ತಿಂಗಳಲ್ಲಿ ಸಹೋದ್ಯೋಗಿಯೊಬ್ಬರು ಮನೆಗೆ ಕರೆದರು, ಸಂಜೆ ಆರೂವರೆಗೆ, 'ಆಬೆಂಡ್‌ಬ್ರೋಟ್'ಗೆ. ಆಬೆಂಡ್ ಎಂದರೆ ಸಂಜೆ, ಬ್ರೋಟ್ ಎಂದರೆ ಬ್ರೆಡ್ಡು ಎಂದು ನಿಘಂಟಿನಲ್ಲಿ ನೋಡಿಕೊಂಡಿದ್ದೆ. ಆದರೂ ನಂಬಲಿಲ್ಲ. ನಾವು 'ಕಾಫಿಗೆ ಬನ್ನಿ' ಎಂದು ಕರೆದು ದೋಸೆ, ಕೇಸರಿಬಾತು, ಸಂಡಿಗೆ ಬಡಿಸುವುದಿಲ್ಲವೇ? ಇದೂ ಹಾಗೆಯೇ ಎಂದುಕೊಂಡು ಮಧ್ಯಾಹ್ನ ಒಂದು ಸೇಬು ತಿಂದು, ಹೊಟ್ಟೆ ಖಾಲಿ ಇಟ್ಟುಕೊಂಡು ಹೋದೆ.

ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಮರದ ಹಲಗೆ, ತರಕಾರಿ ಹೆಚ್ಚುವ ಮಣೆಯಂಥದ್ದು. ನಡುವೆ ಕಪ್ಪು ಬ್ರೆಡ್ಡು, ಬೆಣ್ಣೆ, ನಾಲ್ಕು ಬಗೆಯ ಚೀಸ್, ಮಾಂಸದ ತೆಳು ಹೋಳುಗಳು, ಹುಳಿನೀರಿನಲ್ಲಿ ಹಾಕಿದ ಎಳೆ ಸೌತೆ, ಮೂಲಂಗಿ. ಇದು ಮೊದಲ ಸುತ್ತು ಎಂದುಕೊಂಡು ಒಂದೇ ಹೋಳು ತಿಂದು ಕಾದೆ. ಎರಡು ಮೂರು ಬಾರಿ ಕಣ್ಣು ಒಲೆಯ ಕಡೆಗೆ ಹೋಯಿತು. ಒಲೆಯ ಮೇಲೆ ಏನೂ ಇರಲಿಲ್ಲ; ಒರೆಸಿ ಹೊಳೆಯುವಂತೆ ಇಟ್ಟಿದ್ದರು. ಏಳೂಕಾಲಿಗೆ ಮನೆಯಾಕೆ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಎದ್ದಾಗಲೇ ನನಗೆ ಅರ್ಥವಾದದ್ದು.

ಮರುದಿನ ಅಮ್ಮ ಫೋನಿನಲ್ಲಿ ಕೇಳಿದಳು: "ಕರೆದವರ ಮನೆಯಲ್ಲಿ ಏನು ಊಟ?"

"ಬ್ರೆಡ್ಡು."

"ಅಯ್ಯೋ, ಅವರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ?"

ನಮ್ಮ ಕಡೆ ಬ್ರೆಡ್ಡು ಜ್ವರ ಬಂದವರು ಹಾಲಿನಲ್ಲಿ ಅದ್ದಿ ತಿನ್ನುವ ವಸ್ತು. ಆಸ್ಪತ್ರೆಗೆ ನೋಡಲು ಹೋಗುವವರು ಕೈಯಲ್ಲಿ ಹಿಡಿದುಕೊಂಡು ಹೋಗುವುದು ಅದನ್ನೇ.

ಕಚೇರಿಯಲ್ಲಾದ ಪೇಚು ಬೇರೆ. ಹನ್ನೊಂದೂವರೆಗೆ ಓಣಿಯಲ್ಲಿ ಎದುರಾದ ಹಿರಿಯರೊಬ್ಬರು 'ಮಾಲ್‌ತ್ಸೈಟ್!' ಎಂದರು. ಮಾಲ್ ಎಂದರೆ ಊಟ, ತ್ಸೈಟ್ ಎಂದರೆ ಹೊತ್ತು. ಊಟ ಆಯಿತೇ ಎಂದು ವಿಚಾರಿಸುತ್ತಿದ್ದಾರೆ ಎಂದುಕೊಂಡು "ಇಲ್ಲ, ಇನ್ನೂ ಆಗಿಲ್ಲ, ನಿಮ್ಮದು?" ಎಂದೆ. ಅವರು ಗಕ್ಕನೆ ನಿಂತರು. ಪಾಪ, ಈ ಹೊಸಬನಿಗೆ ದಾರಿ ತಿಳಿದಿಲ್ಲ ಎಂದುಕೊಂಡಿರಬೇಕು, ನನ್ನನ್ನು ಕ್ಯಾಂಟೀನಿನವರೆಗೆ ಕರೆದುಕೊಂಡು ಹೋಗಿ ತಟ್ಟೆ ಎಲ್ಲಿದೆ, ಚಮಚ ಎಲ್ಲಿದೆ ಎಂದು ತೋರಿಸಿದರು. ಅದು ಬರೀ ನಮಸ್ಕಾರವಂತೆ. ಮಧ್ಯಾಹ್ನದ ಹೊತ್ತಿನಲ್ಲಿ ಎಲ್ಲಿ ಎದುರಾದರೂ ಹೇಳುವುದಂತೆ, ಶೌಚಾಲಯದ ಬಾಗಿಲಿನಲ್ಲಿಯೂ. ಉತ್ತರವೂ 'ಮಾಲ್‌ತ್ಸೈಟ್' ಎಂದೇ.

ನಾಲ್ಕು ವರ್ಷದ ಮೇಲೆ ನನಗೆ ಅನಿಸುತ್ತಿರುವುದು ಇಷ್ಟು: ಊಟ ಬಿಸಿಯಾಗಿರಬೇಕೆಂಬ ಹಟ ಇವರಿಗಿಲ್ಲ, ಹೊತ್ತಿಗೆ ಸರಿಯಾಗಿ ಆಗಬೇಕೆಂಬ ಹಟವಿದೆ. ಬವೇರಿಯದ ಬ್ರೆಡ್ಡಿನ ತಿಂಡಿಗೆ ಬ್ರೋಟ್‌ತ್ಸೈಟ್ ಎಂದು ಹೆಸರು. ಸದ್ದು ಮಾಡಬಾರದ ಹೊತ್ತಿಗೆ ರೂಹೆತ್ಸೈಟ್. ಏಪ್ರಿಲ್ ಬಂದರೆ ಷ್ಪಾರ್ಗೆಲ್‌ತ್ಸೈಟ್, ಬಿಳಿ ಶತಾವರಿಯ ಕಾಲ. ನಮ್ಮೂರಿಗೂ ನ್ಯೂರೆಂಬರ್ಗಿಗೂ ನಡುವೆ ಕ್ನೋಬ್ಲೌಖ್ಸ್‌ಲಾಂಡ್ ಎಂಬ ಸೀಮೆಯಿದೆ. ಹೆಸರಿನ ಅರ್ಥ ಬೆಳ್ಳುಳ್ಳಿ ನಾಡು, ಬೆಳೆಯುವುದು ಎಲ್ಲ ತರಕಾರಿ. ಅಲ್ಲಿ ಮಣ್ಣನ್ನು ದಿಬ್ಬವಾಗಿ ಏರಿಸಿ, ಕುಡಿಗೆ ಬಿಸಿಲು ತಾಗದಂತೆ ಬೆಳೆಸುತ್ತಾರೆ. ಅದಕ್ಕೇ ಅದು ಬೆಳ್ಳಗಿರುವುದು. ಜೂನ್ 24, ಸಂತ ಯೋಹಾನನ ಹಬ್ಬದ ದಿನ ಕೊಯ್ಲು ನಿಲ್ಲುತ್ತದೆ. ಮುಂದಿನ ವರ್ಷಕ್ಕೆ ಗಿಡ ಚೇತರಿಸಿಕೊಳ್ಳಬೇಕಲ್ಲ. 25ರಂದು ಹೋಟೆಲಿನಲ್ಲಿ ಕೇಳಿದೆ. ಮಾಣಿ ನನ್ನನ್ನು ನೋಡಿದ ರೀತಿ, ದೀಪಾವಳಿಯ ದಿನ ಯುಗಾದಿಯ ಬೇವುಬೆಲ್ಲ ಕೇಳಿದವನನ್ನು ನೋಡಿದಂತಿತ್ತು.

'ಎರಡು ಹೊತ್ತಿನ ಊಟ' ಎನ್ನುವ ನಮಗೂ ಹೊತ್ತು ಗೊತ್ತು. ಆದರೆ ನಮ್ಮ ಹೊತ್ತು ಹಿಗ್ಗುತ್ತದೆ: ನೆಂಟರು ಬಂದರೆ ಒಂದು ಗಂಟೆ, ಕರೆಂಟು ಹೋದರೆ ಎರಡು ಗಂಟೆ. ಇಲ್ಲಿಯದು ಹಿಗ್ಗುವುದಿಲ್ಲ. ನಿಮ್ಮ ಅನುಭವವೇನು?

ಖಡಕ್‌ರೊಟ್ಟಿ, ಹ್ಯಾನೋವರ್

ತುಂಗಾತೀರ ಅವರೇ, ಅನ್ನದ ಸೀಮೆಯವರದು ಎಲ್ಲಿ ಹೋದರೂ ಇದೇ ಗೋಳು. ನಾನು ಗದಗಿನ ಕಡೆಯವನು. ನಮ್ಮ ಮನೆಯಲ್ಲಿ ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದು ಬುಟ್ಟಿ ತುಂಬಿಸಿ ಇಡುತ್ತಾರೆ. ಹೊಲಕ್ಕೆ ಹೋಗುವಾಗ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿಕೊಂಡರೆ ಅದೇ ಬುತ್ತಿ. ಮರದ ನೆರಳಿನಲ್ಲಿ ಗಂಟು ಬಿಚ್ಚಿ ತಿನ್ನುವಾಗ ಯಾರೂ ಬಿಸಿ ಮಾಡಿಕೊಡಿ ಎಂದು ಕೇಳುವುದಿಲ್ಲ. ಬ್ರೋಟ್‌ತ್ಸೈಟ್ ಎಂಬ ಮಾತಿಗೆ ಕನ್ನಡದಲ್ಲಿ ಒಂದೇ ಶಬ್ದ ಸಾಕು: ಬುತ್ತಿ.

ಇನ್ನು, ಆಸ್ಪತ್ರೆಯ ಬಿಳಿ ಬ್ರೆಡ್ಡಿಗೂ ಇಲ್ಲಿಯ ರೈ ಎಂಬ ಧಾನ್ಯದ ಬ್ರೆಡ್ಡಿಗೂ ಹೆಸರಷ್ಟೇ ಸಂಬಂಧ. ರೈ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಜಿಗುಟು ಕೂಡಿಬರುವುದಿಲ್ಲ. ಬರೀ ಯೀಸ್ಟ್ ಹಾಕಿ ಬೇಯಿಸಿದರೆ ಒಳಗೆ ಅಂಟಂಟಾಗಿ ಕುಸಿಯುತ್ತದೆ. ಹುಳಿ ಬಂದ ಹಿಟ್ಟು ಬೆರೆಸಿದರೆ ಮಾತ್ರ ನಿಲ್ಲುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಆ ಹುಳಿಹಿಟ್ಟನ್ನು ಗಾಜಿನ ಭರಣಿಯಲ್ಲಿ ಇಟ್ಟುಕೊಂಡಿದ್ದಾರೆ. ಪ್ರತಿ ಸಲ ಒಂದು ಚಮಚ ಉಳಿಸಿ ಮುಂದಿನದಕ್ಕೆ ಬೆರೆಸುತ್ತಾರೆ, ನಾವು ಮೊಸರಿಗೆ ಹೆಪ್ಪು ಉಳಿಸುವ ಹಾಗೆ. ಊರಿಗೆ ಹೋಗುವಾಗ ಆ ಭರಣಿಯನ್ನು ನನಗೆ ಒಪ್ಪಿಸಿ ಹೋಗುತ್ತಾರೆ. ಬೆಕ್ಕನ್ನು ಬೇರೆಯವರಿಗೆ ಒಪ್ಪಿಸುತ್ತಾರೆ.

ಇಲ್ಲಿ 3,000ಕ್ಕೂ ಹೆಚ್ಚು ಬಗೆಯ ಬ್ರೆಡ್ಡುಗಳಿವೆ. 2014ರಲ್ಲಿ ದೇಶದ ಅಮೂರ್ತ ಪರಂಪರೆಯ ಪಟ್ಟಿಗೇ ಬ್ರೆಡ್ಡಿನ ಸಂಸ್ಕೃತಿಯನ್ನು ಸೇರಿಸಿಕೊಂಡರು. ಪುಟ್ಟ ಬನ್ನಿಗೆ ಬವೇರಿಯದಲ್ಲಿ ಸೆಮೆಲ್, ಬರ್ಲಿನ್ನಿನಲ್ಲಿ ಶ್ರಿಪ್ಪೆ, ಹ್ಯಾಂಬರ್ಗಿನಲ್ಲಿ ರುಂಡ್‌ಷ್ಟ್ಯುಕ್. ಬೇರೆ ಊರಿನ ಹೆಸರು ಹೇಳಿದರೆ ಬೇಕರಿಯವರು ಕೊಡುತ್ತಾರೆ, ಆದರೆ ತಿದ್ದಿ ಕೊಡುತ್ತಾರೆ. ನೀವು ನಾಲ್ಕು ವರ್ಷದಲ್ಲಿ ಎಷ್ಟು ಬಗೆ ತಿಂದಿದ್ದೀರಿ?

ಮಲ್ಲಿಗೆದಂಡೆ, ಸ್ಟಟ್‌ಗಾರ್ಟ್

ಗಂಡಸರ ಈ ಚರ್ಚೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಬಿಸಿ ಊಟ ತಾನಾಗಿ ಬಿಸಿಯಾಗುವುದಿಲ್ಲ.

ನಾನು ಮಂಡ್ಯದವಳು. ಎರಡು ಮಕ್ಕಳು, ದಿನವಿಡೀ ಕೆಲಸ. ಮೊದಲ ಮೂರು ವರ್ಷ ಪ್ರತಿ ಸಂಜೆ ಮನೆಗೆ ಬಂದ ಕೂಡಲೇ ಕುಕ್ಕರ್ ಇಟ್ಟಿದ್ದೇನೆ. ದೋಸೆಯ ದಿನವಾದರೆ ಮೂವರೂ ಸಾಲಾಗಿ ಕುಳಿತು ತಿನ್ನುತ್ತಿದ್ದರು, ನಾನು ಕಾವಲಿಯ ಮುಂದೆ. ಕೊನೆಯ ದೋಸೆ ನನ್ನದು, ಚಟ್ನಿ ಮುಗಿದ ಮೇಲೆ. ಖಡಕ್‌ರೊಟ್ಟಿ ಅವರೇ, ವಾರಕ್ಕಾಗುವಷ್ಟು ರೊಟ್ಟಿ ಬಡಿದವರು ಯಾರು ಎಂದು ನೀವೂ ಬರೆದಿಲ್ಲ.

ಮಗಳ ಗೆಳತಿಯ ಮನೆಯಲ್ಲಿ ಮೊದಲ ಸಲ ಆಬೆಂಡ್‌ಬ್ರೋಟ್‌ಗೆ ಕುಳಿತಾಗ ನಾನು ಬ್ರೆಡ್ಡು ನೋಡಲಿಲ್ಲ, ಮೇಜು ನೋಡಿದೆ. ಎಲ್ಲರೂ ಒಟ್ಟಿಗೆ ಕುಳಿತರು, ಒಟ್ಟಿಗೆ ಎದ್ದರು. ಬೆಣ್ಣೆ ಬೇಕಾದವರು ಬೆಣ್ಣೆ ಎಳೆದುಕೊಂಡರು. ಮಧ್ಯಾಹ್ನ ಕ್ಯಾಂಟೀನಿನಲ್ಲೋ ಶಾಲೆಯಲ್ಲೋ ಬಿಸಿ ಊಟ ಆಗಿರುತ್ತದೆ. ರಾತ್ರಿಗೆ ಒಲೆ ಏಕೆ? ತುಂಗಾತೀರ ಅವರೇ, ಅಂದು ಆ ಮನೆಯಾಕೆ ನಿಮ್ಮ ಜೊತೆಯಲ್ಲೇ ಕುಳಿತು ತಿಂದರಲ್ಲವೇ? ಒಲೆ ಹೊಳೆಯುತ್ತಿತ್ತು ಎಂಬುದು ನಿಮಗೆ ಕಂಡಿದೆ, ಏಕೆ ಹೊಳೆಯುತ್ತಿತ್ತು ಎಂಬುದು ಕಂಡಿಲ್ಲ.

ನಮ್ಮ ಮನೆಯಲ್ಲಿ ಈಗ ವಾರಕ್ಕೆ ಮೂರು ರಾತ್ರಿ ಬ್ರೆಡ್ಡು. ಯಜಮಾನರು ಒಂದು ತಿಂಗಳು ಸೂತಕದ ಮುಖ ಮಾಡಿಕೊಂಡಿದ್ದರು. ಅನಂತರ ಕೊಬ್ಬರಿ ಚಟ್ನಿಪುಡಿಯನ್ನು ಬೆಣ್ಣೆಯ ಮೇಲೆ ಉದುರಿಸಿ ತಿನ್ನುವ ದಾರಿ ಕಂಡುಕೊಂಡರು.

ಹೊತ್ತಿನ ವಿಷಯಕ್ಕೆ ಬಂದರೆ ಈ ಊರಿನ 'ಕೇರ್‌ವೋಖೆ'ಯನ್ನು ಬಿಡುವಂತಿಲ್ಲ: ಗುಡಿಸುವ ವಾರ. ಸರದಿ ಬಂದಾಗ ನಮ್ಮ ಬಾಗಿಲಿಗೆ ಒಂದು ಪುಟ್ಟ ಫಲಕ ನೇತುಬೀಳುತ್ತದೆ. ಆ ವಾರ ಮೆಟ್ಟಿಲು, ಓಣಿ, ಮನೆಯ ಮುಂದಿನ ಕಾಲುದಾರಿ ನಮ್ಮ ಪಾಲಿನದು. ಪ್ರತಿಯೊಬ್ಬರೂ ವಾರಕ್ಕೊಮ್ಮೆ ತಮ್ಮ ಕೊಳೆಯನ್ನು ಹೊರಸಾಗಿಸಬೇಕು ಎಂದು 1492ರ ನಗರ ಕಟ್ಟಳೆಯಲ್ಲಿಯೇ ಇದೆ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಸಂಕ್ರಾಂತಿಗೆ ನನ್ನ ಸರದಿ ಬಂದಿತ್ತು. ಗುಡಿಸಿ, ಒರೆಸಿ, ಅಭ್ಯಾಸಬಲದಿಂದ ಹೊಸ್ತಿಲ ಮುಂದೆ ಒಂದು ಸಣ್ಣ ರಂಗೋಲಿ ಎಳೆದೆ. ಕೆಳಗಿನ ಮನೆಯ ಹಿರಿಯರು ಬಂದು ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು: "ಇದನ್ನು ಅಳಿಸುವುದು ನಿಮ್ಮ ವಾರದಲ್ಲೋ, ನನ್ನ ವಾರದಲ್ಲೋ?"

ಅಕ್ಟೋಬರಿಗೆ_ಹೊರಟವನು, ಹಾಸನ

ಎಲ್ಲರಿಗೂ ನಮಸ್ಕಾರ. ಎಂ.ಎಸ್. ಓದಲು ಆಖೆನ್‌ಗೆ ಬರುತ್ತಿದ್ದೇನೆ. ಮನೆಯವರು ಈಗಾಗಲೇ ಎರಡು ಕಿಲೋ ತುಪ್ಪ, ಹುಳಿಪುಡಿ, ಕರಿಬೇವು, ಮಾವಿನಹಣ್ಣಿನ ರಸ ಎಂದು ಕಟ್ಟಲು ಶುರು ಮಾಡಿದ್ದಾರೆ. ಏನು ತರಬಹುದು, ಏನು ಬೇಡ? ಅಲ್ಲಿ ನಮ್ಮ ತರಕಾರಿ ಸಿಗುತ್ತದೆಯೇ? ಕುಕ್ಕರ್ ತರಲೇ?

ಉಪ್ಪಿನಕಾಯಿಭರಣಿ, ಫ್ರಾಂಕ್‌ಫರ್ಟ್

ತಮ್ಮಾ, ಮೊದಲು ತುಪ್ಪ ಕೆಳಗಿಡು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪ, ಪೇಡ ಎರಡೂ ಹಾಲಿನವೇ. ಇಲ್ಲಿಯ ಬೆಣ್ಣೆ ಬಹಳ ಚೆನ್ನಾಗಿದೆ, ನೀನೇ ಕಾಯಿಸಿಕೊ. ಹಸಿ ಹಣ್ಣು, ತರಕಾರಿ, ಎಲೆಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹಣ್ಣುಗಳಲ್ಲಿ ಐದಕ್ಕೆ ಮಾತ್ರ ವಿನಾಯಿತಿ: ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸು, ದುರಿಯನ್. ಅಂದರೆ ತಾಂಬೂಲದ ತಟ್ಟೆಯಲ್ಲಿ ಕಾಯಿಗೂ ಬಾಳೆಹಣ್ಣಿಗೂ ಪ್ರವೇಶವಿದೆ, ವೀಳ್ಯದೆಲೆಗಿಲ್ಲ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಧಾರಾಳವಾಗಿ ತಾ.

ತರಕಾರಿಯ ಚಿಂತೆ ಬೇಡ. ಹಾಸನದವನಿಗೆ ಇಲ್ಲಿ ಎರಡು ಸಂತೋಷಗಳು ಕಾದಿವೆ. ಒಂದು ಸಬ್ಬಸಿಗೆ. ಭಾರತದ ಬೇರೆ ಊರುಗಳ ಗೆಳೆಯರು ಆ ಸೊಪ್ಪನ್ನು ಮೂಸಿ ಮುಖ ತಿರುಗಿಸುವುದನ್ನು ನೋಡಿದ್ದೇನೆ, ಜರ್ಮನರು ತಿರುಗಿಸುವುದಿಲ್ಲ. ಇಲ್ಲಿ ಅದರ ಹೆಸರು ಡಿಲ್. ಸೌತೆಕಾಯಿಯ ಸಲಾಡಿಗೆ ಡಿಲ್, ಮೀನಿಗೆ ಡಿಲ್, ಷ್ಪ್ರೇವಾಲ್ಡ್ ಸೀಮೆಯ ಹೆಸರಾಂತ ಸೌತೆ ಉಪ್ಪಿನಕಾಯಿಗೂ ಡಿಲ್. ನೀನು ಅಕ್ಕಿರೊಟ್ಟಿಗೆ ಹಾಕು. ಎರಡನೆಯದು ನವಿಲುಕೋಸು. ನಾವು ಹುಳಿಗೆ ಹಾಕುವ ಅದೇ ಗೆಡ್ಡೆ ಇಲ್ಲಿ ಕೋಲ್‌ರಾಬಿ, ಮಗುವಿನ ತಲೆಯಷ್ಟು ದಪ್ಪ. ಇವರು ಅದನ್ನು ಹಸಿಯಾಗಿಯೇ ಸೀಳಿ ಉಪ್ಪು ಹಚ್ಚಿ ತಿನ್ನುತ್ತಾರೆ. ನಾನೂ ಈಗ ಹಾಗೆಯೇ ತಿನ್ನುತ್ತೇನೆ.

ಮಜ್ಜಿಗೆ ಪ್ರತಿ ಅಂಗಡಿಯಲ್ಲಿಯೂ 'ಬುಟರ್‌ಮಿಲ್ಖ್' ಎಂಬ ಹೆಸರಿನಲ್ಲಿ ಇದೆ. ಇವರು ಅದಕ್ಕೆ ಹಣ್ಣಿನ ರಸ ಬೆರೆಸಿ ಕೆಡಿಸುತ್ತಾರೆ. ಬರೀ ಮಜ್ಜಿಗೆಯ ಡಬ್ಬ ನೋಡಿ ಕೊಳ್ಳಬೇಕು. ಬೆಂಡೆ, ಎಳೆ ಬದನೆ, ಕೊತ್ತಂಬರಿಯ ದೊಡ್ಡ ಕಟ್ಟು, ಹಸಿಮೆಣಸು ತುರ್ಕಿಯವರ ಅಂಗಡಿಯಲ್ಲಿ. 1961ರಲ್ಲಿ ಜರ್ಮನಿ ಕೆಲಸಗಾರರಿಗಾಗಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡಿತು; ಅಂದು ಬಂದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ನಮ್ಮ ಸಾರು ಪಲ್ಯಗಳು ಋಣಿಯಾಗಿವೆ. ಕರಿಬೇವಿಗೆ ಮಾತ್ರ ಏಷ್ಯಾದ ಅಂಗಡಿಗೆ ಹೋಗಬೇಕು. ಒಂದು ಸಣ್ಣ ಪೊಟ್ಟಣಕ್ಕೆ ಕೊಡುವ ದುಡ್ಡನ್ನು ಅಮ್ಮನಿಗೆ ಹೇಳಬೇಡ.

ತುಂಗಾತೀರ ಅವರೇ, ನಿಮಗೊಂದು ಮಾತು. ತಣ್ಣನೆಯ ಊಟ ಎಂದು ದೂರುವ ಮಲೆನಾಡಿನವರು ತಂಬುಳಿ ಮರೆತಿರಾ? ಒಂದೆಲಗದ ತಂಬುಳಿಯನ್ನು ಯಾರಾದರೂ ಬಿಸಿ ಮಾಡುತ್ತಾರೆಯೇ? ನಮ್ಮ ಫ್ರಾಂಕ್‌ಫರ್ಟಿನ ಹಸಿರು ಗೊಜ್ಜು, 'ಗ್ರ್ಯೂನೆ ಸೋಸೆ', ಅದರ ದೂರದ ನೆಂಟ. ಏಳು ಎಲೆಗಳು: ಬೊರಾಜ್, ಚರ್ವಿಲ್, ಕ್ರೆಸ್, ಪಾರ್ಸ್ಲಿ, ಪಿಂಪಿನೆಲ್ಲೆ, ಈರುಳ್ಳಿ ಹುಲ್ಲಿನಂಥ ಚೈವ್, ಮತ್ತು ನಮ್ಮ ಚುಕ್ಕೆ ಸೊಪ್ಪಿನ ಕುಲದ ಒಂದು ಹುಳಿ ಎಲೆ. ಏಳನ್ನೂ ಕಾಗದದಲ್ಲಿ ಸುತ್ತಿ ಒಂದೇ ಕಟ್ಟಾಗಿ ಮಾರುತ್ತಾರೆ. ಸಣ್ಣಗೆ ಕೊಚ್ಚಿ, ಹುಳಿ ಕೆನೆಯಲ್ಲಿ ಕಲಸಿ, ಬೇಯಿಸಿದ ಆಲೂಗಡ್ಡೆ, ಮೊಟ್ಟೆಯ ಜೊತೆ ತಣ್ಣಗೆ ಬಡಿಸುತ್ತಾರೆ. ಈಸ್ಟರಿಗೆ ಮುಂಚಿನ ಗುರುವಾರ ಇದು ಆಗಲೇಬೇಕು. 2016ರಿಂದ ಇದಕ್ಕೆ ಭೌಗೋಳಿಕ ಗುರುತೂ ಇದೆ. ನಾನು ಮೊಟ್ಟೆ ಬಿಟ್ಟು, ಕೆನೆಗೆ ಬದಲು ಮೊಸರು ಹಾಕಿ, ಕೊನೆಗೆ ಜೀರಿಗೆ ಒಗ್ಗರಣೆ ಕೊಟ್ಟೆ. ಪಕ್ಕದ ಮನೆಯವರು ರುಚಿ ನೋಡಿ ಚೆನ್ನಾಗಿದೆ, ಆದರೆ ಇದು ಹಸಿರು ಗೊಜ್ಜಲ್ಲ ಎಂದರು. ಅವರು ಹೇಳಿದ್ದು ಸರಿ, ಅದು ತಂಬುಳಿಯೇ ಆಗಿತ್ತು.

ಕಡಲಕರೆ, ಫ್ಯೂರ್ತ್

ಎರ್ಲಾಂಗನ್ನಿನ ಪಕ್ಕದಲ್ಲೇ ಇದ್ದುಕೊಂಡು ತುಂಗಾತೀರ ಅವರು ಕಾರ್ಪ್ ಮೀನಿನ ಸುದ್ದಿ ಎತ್ತಿಲ್ಲ. ಸಸ್ಯಾಹಾರಿಗಳಿರಬೇಕು, ಕ್ಷಮಿಸಿದ್ದೇನೆ. ಐಶ್‌ಗ್ರುಂಡ್ ಎಂಬ ಕಣಿವೆ ತುಂಬ ಮೀನಿನ ಕೆರೆಗಳು. ಅಲ್ಲಿಯ ಕಾರ್ಪ್ ಮೀನನ್ನು ಉದ್ದಕ್ಕೆ ಎರಡು ಸೀಳಾಗಿ ಮಾಡಿ, ಒಂದು ಸೀಳನ್ನು ಇಡಿಯಾಗಿ ಎಣ್ಣೆಯಲ್ಲಿ ಕರಿದು ತಟ್ಟೆಗೆ ಹಾಕುತ್ತಾರೆ. ಬಾಲ ತಟ್ಟೆಯ ಆಚೆಗೆ ಚಾಚಿರುತ್ತದೆ. ಸಿಗುವುದು ಹೆಸರಿನಲ್ಲಿ 'ರ' ಇರುವ ತಿಂಗಳುಗಳಲ್ಲಿ ಮಾತ್ರ, ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ.

ಹೊತ್ತಿನ ಲೆಕ್ಕ ನಮಗೆ ಹೊಸದು ಎಂಬಂತೆ ಬರೆದಿದ್ದೀರಿ. ಮಲ್ಪೆಯಲ್ಲಿ ಹುಟ್ಟಿದವನಿಗೆ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಹಾಕುವ ಕಾಲ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಒಣಮೀನಿನ ಚಟ್ನಿ, ಗಂಜಿ. ನನ್ನ ಕೈಯಲ್ಲಿ ಜೂನ್ ತಿಂಗಳಲ್ಲಿ ಹಸಿಮೀನು ಕಂಡರೆ ಅಜ್ಜಿ ಕೇಳುತ್ತಿದ್ದದ್ದು ಒಂದೇ: "ಎಷ್ಟು ದಿನದ್ದು?"

ಕಾರ್ಪ್ ರುಚಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಕೆರೆಯ ಮೀನು, ಸ್ವಲ್ಪ ಮಣ್ಣಿನ ವಾಸನೆ. ಬಂಗುಡೆ ತಿಂದು ಬೆಳೆದ ನಾಲಿಗೆಗೆ ಪುಳಿಮುಂಚಿ ಇಲ್ಲದೆ ಇಳಿಯುವುದು ಕಷ್ಟ.

ಒಗ್ಗರಣೆಹೊಗೆ, ಬರ್ಲಿನ್

ಎಲ್ಲರೂ ಸೇರಿ ಜರ್ಮನಿಯನ್ನು ಪಂಚಾಂಗದ ಗೋಡೆಗೆ ತೂಗುಹಾಕುತ್ತಿದ್ದೀರಿ. ಒಮ್ಮೆ ಬರ್ಲಿನ್ನಿಗೆ ಬನ್ನಿ. ರಾತ್ರಿ ಹನ್ನೆರಡಕ್ಕೆ ನಮ್ಮ ಬೀದಿಯಲ್ಲಿ ಡೋನರ್ ಎಂಬ ತುರ್ಕಿ ಮಾಂಸದ ತಿಂಡಿಯ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಅಲ್ಲಿ ಯಾವ ಹೊತ್ತು, ಯಾವ ಮರದ ಹಲಗೆ? ಈ ದೇಶದ ಅರ್ಧ ಹೊಟ್ಟೆ ತುಂಬಿಸುವುದು ಹೊರಗಿನಿಂದ ಬಂದವರ ಕೈ.

'ಕರಿ'ಯ ಕಥೆಯನ್ನೇ ನೋಡಿ. 1949ರ ಸೆಪ್ಟೆಂಬರ್ 4ರಂದು ಹೆರ್ಟಾ ಹಾಯ್‌ವರ್ ಎಂಬ ಹೆಣ್ಣುಮಗಳು ಇಲ್ಲಿಯ ಶಾರ್ಲಾಟನ್‌ಬುರ್ಗ್‌ನ ತನ್ನ ಗೂಡಂಗಡಿಯಲ್ಲಿ ಟೊಮ್ಯಾಟೊ ಗೊಜ್ಜಿಗೆ ಕರಿ ಪುಡಿ ಬೆರೆಸಿ ಸಾಸೇಜಿನ ಮೇಲೆ ಸುರಿದಳು. ಅದೇ ಕರಿವೂರ್ಸ್ಟ್. ಯುದ್ಧದಲ್ಲಿ ನೆಲಸಮವಾದ ಊರಿನಲ್ಲಿ ಕೈಗೆ ಸಿಕ್ಕಿದ್ದರಿಂದ ಮಾಡಿದ ತಿಂಡಿ. ಇಂದು ನಾನು ಕಚೇರಿಗೆ ಚಿತ್ರಾನ್ನ ಒಯ್ದರೆ ಹಳದಿ ಬಣ್ಣ ನೋಡಿ "ಓ, ಕರಿ!" ಎನ್ನುತ್ತಾರೆ. ಲಿಂಬೆಹಣ್ಣು ಎಂದು ವಿವರಿಸುವುದನ್ನು ಬಿಟ್ಟಿದ್ದೇನೆ.

ಭಾನುವಾರದ ಬಗ್ಗೆ ಯಾರೂ ಬರೆದಿಲ್ಲವಲ್ಲ! ಅಂಗಡಿಗಳು ಮುಚ್ಚಿರುವುದು ಸೋಮಾರಿತನದಿಂದಲ್ಲ. ಅದು ಸಂವಿಧಾನದ ಮಾತು. 1919ರ ವೈಮರ್ ಸಂವಿಧಾನದ 139ನೆಯ ವಿಧಿ ಭಾನುವಾರವನ್ನು ಬಿಡುವಿನ ದಿನ ಎಂದು ಕಾಯ್ದಿತು. 1949ರ ಸಂವಿಧಾನ ಅದನ್ನು ಹಾಗೆಯೇ ಎತ್ತಿಕೊಂಡಿತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ನಮ್ಮ ಬರ್ಲಿನ್ ಹೊರಟಾಗ 2009ರಲ್ಲಿ ಸಂವಿಧಾನ ನ್ಯಾಯಾಲಯ ಕೂಡದು ಎಂದಿತು. ಶನಿವಾರ ರಾತ್ರಿ ಹಾಲು ಮರೆತವನು ರೈಲು ನಿಲ್ದಾಣಕ್ಕೋ ಪೆಟ್ರೋಲ್ ಬಂಕಿಗೋ ಓಡಬೇಕು.

ಶಿಸ್ತು ಎಂದು ಹೊಗಳುವವರಿಗೆ ಇನ್ನೊಂದು ನೋಟ. ಬಳಸಿ ಎಸೆಯುವ ಬಾಟಲಿಗೆ, ಡಬ್ಬಿಗೆ 25 ಸೆಂಟ್ ಮುಂಗಡ ಕೊಡಬೇಕು; ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ ಮರಳಿ ಬರುತ್ತದೆ. ಒಳ್ಳೆಯ ಏರ್ಪಾಡು, ನಿಜ. ಬೇಸಿಗೆಯ ಸಂಜೆ ಉದ್ಯಾನದಲ್ಲಿ ಕುಳಿತು ನೋಡಿ. ಮುದುಕರು ಟಾರ್ಚ್ ಹಿಡಿದು ಕಸದ ಬುಟ್ಟಿಗಳಲ್ಲಿ ಬಾಟಲಿ ಹುಡುಕುತ್ತಾರೆ. ಅವರು ಕೈ ಹಾಕುವ ಹಾಗಾಗದಿರಲಿ ಎಂದು ಕೆಲವರು ಬಾಟಲಿಯನ್ನು ಬುಟ್ಟಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ನನಗೆ ಈ ದೇಶದಲ್ಲಿ ಇಷ್ಟವಾದ ನಡತೆ ಅದು. ಅದಕ್ಕೆ ಯಾವ ನಿಯಮವೂ ಇಲ್ಲ.

ಬಟ್ಟೆಸೋಸಿದ_ಕಾಫಿ, ಡ್ರೆಸ್ಡೆನ್

ಕಾಫಿಯನ್ನು ಬಿಟ್ಟು ಇಷ್ಟು ದೂರ ಬಂದಿರಲ್ಲ! ನಾನು ಸೋಮವಾರಪೇಟೆಯವನು, ಸುಮ್ಮನಿರಲಾರೆ.

1908ರಲ್ಲಿ ಇದೇ ಡ್ರೆಸ್ಡೆನ್‌ನ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ತಮ್ಮ ಮಗನ ಶಾಲೆಯ ಪುಸ್ತಕದಿಂದ ಶಾಯಿ ಹೀರುವ ಕಾಗದವನ್ನು ಹರಿದು, ತಳಕ್ಕೆ ತೂತು ಹೊಡೆದ ಹಿತ್ತಾಳೆಯ ಪಾತ್ರೆಯಲ್ಲಿ ಹಾಸಿ, ಅದರ ಮೇಲೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದರು. ಬಾಯಿಗೆ ಚರಟ ಬಾರದ ಕಾಫಿ ಇಳಿಯಿತು. ತೂತಿನ ಹಿತ್ತಾಳೆ ಪಾತ್ರೆ ಎಂದ ಕೂಡಲೇ ನಿಮಗೆ ಅಜ್ಜಿಯ ಮನೆಯ ಫಿಲ್ಟರ್ ನೆನಪಾಗಬೇಕು. ವ್ಯತ್ಯಾಸ ಹೊತ್ತಿನದು. ನಮ್ಮ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯಲು ಅವಸರವಿಲ್ಲ, ಹಾಲು ಅದಕ್ಕಾಗಿ ಕಾಯುತ್ತದೆ. ಇವರದು ಮೂರು ನಿಮಿಷದಲ್ಲಿ ಒಂದು ಜಗ್ಗು, ತೆಳ್ಳಗೆ, ಒಂದು ತೊಟ್ಟು ಹಾಲು.

ಚಿಕೋರಿಯ ಕಥೆ ಇನ್ನೂ ಚೆನ್ನಾಗಿದೆ. ಜರ್ಮನಿಯ ಅಂದಿನ ಪ್ರಷ್ಯ ರಾಜ್ಯದ ದೊರೆ ಎರಡನೆಯ ಫ್ರೆಡರಿಕ್ ಕಾಫಿಗಾಗಿ ದೇಶದ ದುಡ್ಡು ಹೊರಗೆ ಹರಿಯುತ್ತಿದೆ ಎಂದು 1781ರಲ್ಲಿ ಕಾಫಿ ಹುರಿಯುವುದನ್ನೇ ಸರಕಾರದ ಸ್ವತ್ತು ಮಾಡಿದ. ಯಾರ ಮನೆಯಲ್ಲಿ ಕದ್ದು ಹುರಿಯುತ್ತಿದ್ದಾರೆ ಎಂದು ಬೀದಿಯಲ್ಲಿ ಮೂಸಿ ಹಿಡಿಯಲು ಮಾಜಿ ಸೈನಿಕರನ್ನು ನೇಮಿಸಿದ. ಅವರಿಗೆ 'ಕಾಫಿ ಮೂಸುವವರು' ಎಂದೇ ಹೆಸರಾಯಿತು. ಬಡವರು ಚಿಕೋರಿ ಬೇರು ಹುರಿದು ಕುಡಿದರು. ಇಲ್ಲಿ ಚಿಕೋರಿ ಎಂದರೆ ಇಂದಿಗೂ ಬರಗಾಲದ ನೆನಪು. ನಾನು ಊರಿನಿಂದ ಚಿಕೋರಿ ಬೆರೆಸಿದ ಪುಡಿ ತರಿಸುತ್ತೇನೆ ಎಂದರೆ ಇಲ್ಲಿಯ ಹಿರಿಯರು ಅನುಕಂಪದಿಂದ ನೋಡುತ್ತಾರೆ.

ಭಾರತದ ಕಾಫಿ ಕೊಳ್ಳುವ ದೇಶಗಳಲ್ಲಿ ಇಟಲಿ, ಜರ್ಮನಿ ಮುಂದಿವೆ. ನಮ್ಮ ತೋಟದ ರೊಬಸ್ಟಾ ಇಲ್ಲಿಯ ಯಾವುದೋ ಪೊಟ್ಟಣದಲ್ಲಿ ಬೆರೆತಿರಬಹುದು. ಪೊಟ್ಟಣದ ಮೇಲೆ ಕೊಡಗು ಎಂದು ಬರೆದಿರುವುದಿಲ್ಲ. ಆದರೂ ತಿರುಗಿಸಿ ನೋಡುವ ಚಟ ಬಿಟ್ಟಿಲ್ಲ.

ತುಂಗಾತೀರ, ಎರ್ಲಾಂಗನ್

ಮಲ್ಲಿಗೆದಂಡೆ ಅವರೇ, ಹೌದು. ಅಂದು ಆ ಮನೆಯಾಕೆ ನಮ್ಮ ಜೊತೆಯಲ್ಲೇ ಊಟಕ್ಕೆ ಕುಳಿತಿದ್ದರು. ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಮ್ಮ ಅಮ್ಮ ಊಟಕ್ಕೆ ಕುಳಿತದ್ದನ್ನು ನಾನು ಯಾವಾಗ ನೋಡಿದೆ ಎಂದು ನೆನಪಿಸಿಕೊಳ್ಳಲು ಹೋದೆ. ಮದುವೆ ಮನೆಯ ಪಂಕ್ತಿಗಳು ಮಾತ್ರ ನೆನಪಾದವು.

ಭರಣಿ ಅವರೇ, ತಂಬುಳಿಯ ಏಟು ಸರಿಯಾಗಿ ಬಿತ್ತು. ಖಡಕ್‌ರೊಟ್ಟಿ ಅವರೇ, ಹನ್ನೊಂದು ಬಗೆ.

ಕಲ್ಲುಸಕ್ಕರೆ, ಲೇರ್

ನಾನು ಬಹಳ ಹಳಬ, ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಇರುವುದು ದೇಶದ ವಾಯವ್ಯ ಮೂಲೆಯಲ್ಲಿ, ಪೂರ್ವ ಫ್ರೀಸ್‌ಲಾಂಡಿನಲ್ಲಿ. ಇಲ್ಲಿಯವರು ಕಾಫಿಯ ಕಡೆ ತಲೆ ಹಾಕುವುದು ಕಡಿಮೆ. ವರ್ಷಕ್ಕೆ ತಲಾ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ, ಹೆಚ್ಚಾಗಿ ಅಸ್ಸಾಮಿನ ಸೊಪ್ಪಿನದು. ಮೊದಲು ಬಟ್ಟಲಿಗೆ ಒಂದು ಹರಳು ಕಲ್ಲುಸಕ್ಕರೆ. ಮೇಲೆ ಬಿಸಿ ಚಹಾ ಸುರಿದಾಗ ಅದು ಚಟ್ ಎಂದು ಸಿಡಿಯುವುದನ್ನು ಎಲ್ಲರೂ ಮಾತು ನಿಲ್ಲಿಸಿ ಕೇಳುತ್ತಾರೆ. ಆಮೇಲೆ ಅಂಚಿನಿಂದ ಒಂದು ಚಮಚ ಕೆನೆ. ಕಲಕಬಾರದು. ಮೊದಲು ಕೆನೆ, ನಡುವೆ ಕಹಿ, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯುವುದು ಮರ್ಯಾದೆ. ಸಾಕು ಎನ್ನಲು ಬಾಯಿ ಬೇಕಿಲ್ಲ, ಚಮಚವನ್ನು ಬಟ್ಟಲೊಳಗೆ ಇಟ್ಟರಾಯಿತು. ನನಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಏಳು ಬಟ್ಟಲು ಕುಡಿದೆ.

ಕನ್ನಡಿಗರು ಈ ಸೀಮೆಗೆ ಒಂದು ನಮಸ್ಕಾರ ಬಾಕಿ ಉಳಿಸಿಕೊಂಡಿದ್ದೇವೆ. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಇಲ್ಲಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. 1894ರಲ್ಲಿ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಚಹಾದ ಈ ನಾಡಿನ ಹುಡುಗ ಹೋಗಿ ನಮ್ಮ 'ಹೊತ್ತು', 'ಬುತ್ತಿ'ಗಳಿಗೆ ಅರ್ಥ ಬರೆದ. ನನ್ನ ಕಪಾಟಿನಲ್ಲಿ ಮರುಮುದ್ರಣದ ಪ್ರತಿಯಿದೆ. ಮಳೆ ಬಿಡದ ದಿನಗಳಲ್ಲಿ ತೆಗೆದು ಓದುತ್ತೇನೆ.

ಪಕ್ಕದ ಮನೆಯಾಕೆ ಆರು ವರ್ಷ ನನ್ನನ್ನು 'ಜೀ' ಎಂದು, ಅಂದರೆ ನೀವು ಎಂದು, ಕರೆದರು. ಒಂದು ದಿನ ಮೂರನೆಯ ಬಟ್ಟಲು ಮುಗಿದ ಮೇಲೆ, ನಾನು ನಿಮಗಿಂತ ಹಿರಿಯಳು, ಆದ್ದರಿಂದ ನಾನೇ ಹೇಳಬೇಕು, ಇನ್ನು ಮೇಲೆ 'ದು' ಎನ್ನೋಣವೇ ಎಂದು ಕೇಳಿದರು. ಕೈ ಕುಲುಕಿದೆವು. ನಮ್ಮಲ್ಲಿ ನೀವು ಎಂಬುದು ನೀನು ಆದ ದಿನ ಯಾರಿಗೂ ನೆನಪಿರುವುದಿಲ್ಲ. ಇಲ್ಲಿ ನನಗೆ ಆ ದಿನ ಗೊತ್ತು: ಒಂದು ಮಂಗಳವಾರ, ಮಧ್ಯಾಹ್ನ ಮೂರೂವರೆ.

ತುಂಗಾತೀರ, ಎರ್ಲಾಂಗನ್

ಎರಡು ವಾರದ ಮೇಲೆ ಒಂದು ವರದಿ. ಅದೇ ಸಹೋದ್ಯೋಗಿಯ ಕುಟುಂಬವನ್ನು ಶನಿವಾರ ಮನೆಗೆ ಕರೆದೆ, ಆರೂವರೆಗೇ. ಮರದ ಹಲಗೆಗಳನ್ನೇ ಕೊಂಡು ತಂದಿದ್ದೆ. ನಾಲ್ಕು ಕಟ್ಟು ಸಬ್ಬಸಿಗೆ ಹಾಕಿ ಅಕ್ಕಿರೊಟ್ಟಿ, ಬೆಣ್ಣೆ, ನವಿಲುಕೋಸಿನ ಕೋಸಂಬರಿ, ಮಜ್ಜಿಗೆ, ಭರಣಿ ಅವರ ಮಾತಿನಂತೆ ತಂಬುಳಿ. ಅವರು ಆರು ಇಪ್ಪತ್ತೊಂಬತ್ತಕ್ಕೆ ಗಂಟೆ ಒತ್ತಿದರು.

ಚೆನ್ನಾಗಿಯೇ ನಡೆಯಿತು. ಡಿಲ್‌ನಿಂದ ಬ್ರೆಡ್ಡು ಮಾಡಬಹುದೆಂದು ಅವರ ಅತ್ತೆಗೆ ಗೊತ್ತಿರಲಿಲ್ಲ, ಬರೆದುಕೊಂಡರು. ಮಕ್ಕಳು ತಲಾ ಮೂರು ತಿಂದರು. ನಾನು ಒಂದು ಎತ್ತಿ ಹಾಕಿ ಇನ್ನೊಂದು ತಟ್ಟುತ್ತಿದ್ದೆ. ಅಷ್ಟರಲ್ಲಿ ಅಂದು ಹಲಗೆ ಪೇರಿಸಿಕೊಂಡು ಎದ್ದ ಆ ಮನೆಯಾಕೆ ಕೈಯಲ್ಲಿದ್ದ ರೊಟ್ಟಿಯನ್ನು ಹಲಗೆಯ ಮೇಲಿಟ್ಟು, ಒಲೆಯ ಕಡೆಗೆ ತಿರುಗಿ ಕೇಳಿದರು: "ನೀವು ಯಾವಾಗ ಕುಳಿತುಕೊಳ್ಳುತ್ತೀರಿ?"

ಮಲ್ಲಿಗೆದಂಡೆ, ಸ್ಟಟ್‌ಗಾರ್ಟ್

ಏನು ಉತ್ತರ ಕೊಟ್ಟಿರಿ?

ತುಂಗಾತೀರ, ಎರ್ಲಾಂಗನ್

ಉತ್ತರ ಹುಡುಕುವಷ್ಟರಲ್ಲಿ ರೊಟ್ಟಿ ಸೀದುಹೋಯಿತು.

ಅಕ್ಟೋಬರಿಗೆ_ಹೊರಟವನು, ಹಾಸನ

ಎಲ್ಲರಿಗೂ ಧನ್ಯವಾದ. ತುಪ್ಪ ಕೆಳಗಿಳಿಯಿತು. ಕುಕ್ಕರಿನ ಬಗ್ಗೆ ಯಾರೂ ಹೇಳಲಿಲ್ಲ.

ಉಪ್ಪಿನಕಾಯಿಭರಣಿ, ಫ್ರಾಂಕ್‌ಫರ್ಟ್

ತಾ. ಮೊದಲು ಬಾಡಿಗೆ ಮನೆಯಲ್ಲಿ ಅಡುಗೆಮನೆ ಇದೆಯೇ ಎಂದು ಕೇಳಿಕೊ. ಎಷ್ಟೋ ಮನೆಗಳಲ್ಲಿ ಗೋಡೆಯಿಂದ ಹೊರಬಂದ ಎರಡು ಕೊಳವೆ ಬಿಟ್ಟರೆ ಬೇರೇನೂ ಇರುವುದಿಲ್ಲ, ಒಲೆಯನ್ನೂ ತೊಟ್ಟಿಯನ್ನೂ ಬಾಡಿಗೆದಾರನೇ ತರಬೇಕು. ರಾತ್ರಿ ಹತ್ತರ ಮೇಲೆ ಸೀಟಿ ಕೂಗಿಸಬೇಡ. ಭಾನುವಾರ ಮಿಕ್ಸಿ ಹಾಕಬೇಡ.